ಸೀಟಿನ ಕೆಳಗಿನ ಕಲ್ಲು

ಬ್ರೇಕ್ ಒತ್ತಿದರೆ ಗಾಡಿ ನಡುಗುತ್ತದೆ ಎಂದು ಕೆಂಪರಾಜ್ ಮೂರು ಸಲ ಚೀಟಿ ಬರೆದುಕೊಟ್ಟ. ನಾಲ್ಕನೆಯ ವಾರ, ಗಾಡಿ ಕೆಡಿಸಿದವನು ಇವನೇ ಎಂದು ಅವನನ್ನು ಕೆಲಸದಿಂದ ತೆಗೆದರು.

ಗಾಡಿ ಬಿಳಿ ಬಣ್ಣದ್ದು, ಏಳು ಸೀಟಿನ ಕಾರು. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳನ್ನು ಬೆಳಿಗ್ಗೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದಕ್ಕೆ ತಂದುಬಿಡುವುದು, ಸಂಜೆ ಅವರವರ ಊರಿಗೆ ಮುಟ್ಟಿಸುವುದು ಅದರ ಕೆಲಸ. ಏಳು ಸೀಟಿನಲ್ಲಿ ಹತ್ತು ಜನ ಕೂರುತ್ತಿದ್ದರು. ಅದು ಕಾರ್ಖಾನೆಗೂ ಗೊತ್ತಿತ್ತು, ಗಾಡಿಯ ಮಾಲೀಕ ಅಶೋಕನಿಗೂ ಗೊತ್ತಿತ್ತು. ಅಶೋಕನ ಹತ್ತಿರ ಇಂಥ ಹನ್ನೆರಡು ಗಾಡಿ ಇದ್ದವು. ಕೆಂಪರಾಜ್ ಕೊಟ್ಟ ಚೀಟಿಗಳಲ್ಲಿ ಎರಡರಿಂದ ಅವನು ಮುಂದಿನ ಗಾಜು ಒರೆಸಿದ. ಮೂರನೆಯದನ್ನು ಮಡಿಸಿ, ಲಟಲಟ ಎನ್ನುತ್ತಿದ್ದ ಕಿಟಕಿಯ ಸಂದಿಗೆ ತುರುಕಿದ.

ಕೆಂಪರಾಜ್ ಹನ್ನೊಂದು ವರ್ಷದಿಂದ ಸ್ಟೀರಿಂಗ್ ಹಿಡಿದವನು. ಒಂದು ಕೋಳಿಮರಿಯ ಮೇಲೂ ಗಾಡಿ ಹಾಯಿಸಿದವನಲ್ಲ. ಕೆಲಸ ಹೋದ ಮೇಲೆ ದೊಡ್ಡಬಳ್ಳಾಪುರದಲ್ಲಿ ಮೂರು ಕಡೆ ಕೇಳಿದ. ಮೂರೂ ಕಡೆ, "ಯಾರು, ಆ ನಡುಗೋ ಗಾಡಿಯವನಾ?" ಎಂದರು. ಡ್ರೈವರುಗಳ ಹೆಸರು ಈ ಊರಿನಲ್ಲಿ ಗಾಡಿಗಿಂತ ಮುಂಚೆ ಓಡಾಡುತ್ತದೆ. ಗಾಡಿ ನಡುಗುವುದಕ್ಕೆ ನಿಜವಾದ ಕಾರಣ ಹೊರಗೆ ಬಾರದಿದ್ದರೆ ತನಗೆ ಇನ್ನು ಯಾರೂ ಕೀ ಕೊಡುವುದಿಲ್ಲ ಎಂಬುದು ಅವನಿಗೆ ಒಂದೇ ವಾರದಲ್ಲಿ ತಿಳಿದುಹೋಯಿತು.

ಕಾರಣ ಹುಡುಕುವ ಕೆಲಸ ಬಂದು ಬಿದ್ದದ್ದು ಅವನ ಅಕ್ಕನ ಗಂಡ ಮೆಕ್ಯಾನಿಕ್ ಪಿಳ್ಳಪ್ಪನ ಶೆಡ್ಡಿಗೆ.

ಅದು ಅಕಸ್ಮಾತ್ ಅಲ್ಲ. ಹೊಸ ಡ್ರೈವರ್ ಬಂದು ಎಂಟು ದಿನವಾದರೂ ಗಾಡಿ ನಡುಗುವುದು ನಿಲ್ಲಲಿಲ್ಲ. ಹೆಣ್ಣುಮಕ್ಕಳು ಕಾರ್ಖಾನೆಯಲ್ಲಿ ದೂರು ಹೇಳಿದರು. ಗಾಡಿ ನೋಡಲು ಬರುತ್ತೇವೆ ಎಂದು ಕಾರ್ಖಾನೆಯವರು ಹೇಳಿಕಳಿಸಿದರು. ಆಗ ಅಶೋಕ್ ತಾನೇ ಗಾಡಿ ಓಡಿಸಿಕೊಂಡು ಬಂದು ಪಿಳ್ಳಪ್ಪನ ಮುಂದೆ ನಿಲ್ಲಿಸಿದ.

"ನಿನ್ನ ಬಾಮೈದ ಕೆಡಿಸಿದ ಗಾಡಿ. ನೀನೇ ಸರಿ ಮಾಡು. ನಾಡಿದ್ದು ಹನ್ನೊಂದು ಗಂಟೆಗೆ ಇಲ್ಲಿಗೇ ಬರ್ತಾರೆ ಕಾರ್ಖಾನೆಯವರು. ಯಾಕೆ ಕೆಟ್ಟಿತ್ತು ಅಂತ ಒಂದು ಕಾಗದ ಬರೆದಿಡು. ಡ್ರೈವರು ಯಾವಾಗ್ಲೂ ಬ್ರೇಕ್ ಮೇಲೇ ಕಾಲಿಟ್ಕೊಂಡು ಓಡ್ಸಿದ್ದ ಅಂದ್ರೆ ಸಾಕು."

"ಮೊದ್ಲು ನೋಡ್ತೀನಿ ಸಾರ್. ಆಮೇಲೆ ಬರೀತೀನಿ."

"ನೋಡೋದೇನೈತೆ ಅದ್ರಲ್ಲಿ?"

"ಅದು ನೋಡಿದ್ಮೇಲೆ ಗೊತ್ತಾಗ್ತದೆ."

ಅಶೋಕ್ ಬೈಕೊಂದಕ್ಕೆ ಕೈ ಅಡ್ಡ ಹಾಕಿ ಹತ್ತಿ ಹೋದ. ಹಳೆಯ ಟೈರುಗಳ ರಾಶಿಯ ಹಿಂದಿನಿಂದ ಕೆಂಪರಾಜ್ ಎದ್ದುಬಂದ.

"ಹೋದ್ನಾ?"

"ಹೋದ, ಬಾ. ಹೊಸ ಮದ್ಲಿಂಗನ ಥರ ಅವಿತ್ಕೊಂಡವ್ನೆ ನೋಡು," ಎಂದ ಪಿಳ್ಳಪ್ಪ. "ನಿಮ್ಮಕ್ಕ ನಿಂಗೂ ಸೇರಿಸಿ ಮುದ್ದೆ ಕಳ್ಸವ್ಳೆ. ನಂಗೆ ಒಂದು, ನಿಂಗೆ ಎರಡು. ಕೆಲ್ಸ ಮಾಡೋನಿಗೆ ಒಂದು, ಕೆಲ್ಸ ಕಳ್ಕೊಂಡೋನಿಗೆ ಎರಡು. ಇದು ಮುನಿರತ್ನಮ್ಮನ ನ್ಯಾಯ."

"ನಂಗೂ ಒಂದೇ ಸಾಕು ಭಾವ."

"ತಿನ್ಲಾ ಸುಮ್ನೆ. ಉಳಿಸ್ಕೊಂಡು ಹೋದ್ರೆ ನನ್ನ ಕೇಳ್ತಾಳೆ."

ಪಿಳ್ಳಪ್ಪನಿಗೆ ಒಂದು ಪದ್ಧತಿಯಿತ್ತು. ಯಾವ ಗಾಡಿ ಬಂದರೂ ಸ್ಪ್ಯಾನರ್ ಮುಟ್ಟುವ ಮುಂಚೆ, ಓಡಿಸಿದವನನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಿದ್ದ. ಗಾಡಿಗೆ ಬಾಯಿಲ್ಲ, ಓಡಿಸಿದವನಿಗೆ ಇದೆಯಲ್ಲ ಎಂಬುದು ಅವನ ಲೆಕ್ಕ. ಮಾಲೀಕರನ್ನು ಅವನು ಕೇಳುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತವರಿಗೆ ಏನು ಗೊತ್ತು.

"ಹೇಳು. ಎಲ್ಲಿ ನಡುಗ್ತದೆ? ಕೈಗಾ, ಕಾಲಿಗಾ, ಕುಂಡಿಗಾ?"

"ಕೈಗೆ. ಆಮೇಲಾಮೇಲೆ ಕಾಲಿಗೂ."

"ಸ್ಟೀರಿಂಗ್ ಅಳ್ಳಾಡಿದ್ರೆ ಮುಂದಿನ ಚಕ್ರ. ಕೂತಿರೋ ಸೀಟು ಅಳ್ಳಾಡಿದ್ರೆ ಹಿಂದಿನದು. ಯಾವತ್ತಿಂದ?"

ಕೆಂಪರಾಜ್ ಬೆರಳು ಮಡಿಸಿ ಎಣಿಸಿ ನೋಡಿದ. "ತಾರೀಖು ಗೊತ್ತಿಲ್ಲ ಭಾವ. ಮೊದ್ಲು ಮುಂದಿನ ಸೀಟಲ್ಲಿ ಕೂರೋ ರಮ್ಯಂದು ಬಳೆ ಸದ್ದು ಮಾಡ್ತು. ಬ್ರೇಕ್ ಒತ್ತಿದಾಗ ಮಾತ್ರ, ಕಿಣಿಕಿಣಿ ಅಂತ. ಹದಿನೈದು ದಿನಕ್ಕೆ ನಡುವಿನ ಸೀಟಿನವರದ್ದು. ದೀಪಾವಳಿ ಹೊತ್ಗೆ ಹಿಂದಿನ ಸೀಟಿನವರದ್ದೂ ಸೇರ್ಕೊಂತು. ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಗಾಡಿ ಪೂರ್ತಿ ಬಳೆ ಅಂಗಡಿ."

"ಓಹೋ. ಬಳೆ ನೋಡ್ಕೊಂಡು ಗಾಡಿ ಓಡಿಸ್ತಿದ್ದೇನ್ಲಾ? ಹೇಳ್ಲಾ ನಿಮ್ಮಕ್ಕಂಗೆ?"

"ನೋಡಿಲ್ಲ ಭಾವ. ಕೇಳಿಸ್ತಿತ್ತು."

ಪಿಳ್ಳಪ್ಪ ನಕ್ಕ. ಆದರೆ ಬಳೆಯ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡ. ನಡುಕ ಒಂದೇ ದಿನ ಬಂದದ್ದಲ್ಲ, ಬೆಳೆದದ್ದು ಎಂದು ಅದು ಹೇಳುತ್ತಿತ್ತು.

ಜಾಕಿನ ಹಿಡಿ ಹುಡುಕಲು ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿದವನಿಗೆ ಸಿಕ್ಕಿದ್ದು ಒಂದು ಕಲ್ಲು. ತೆಂಗಿನಕಾಯಿಗಿಂತ ದೊಡ್ಡದು, ಒಂದು ಮಗ್ಗುಲು ಚಪ್ಪಟೆ, ಮೇಲೆ ಟೈರು ಉಜ್ಜಿದ ಕಪ್ಪು. ಆ ಕಪ್ಪಿನ ನಡುವೆ ಮೂರು ಬೆರಳಿನ ಅರಿಶಿನ, ಕುಂಕುಮ.

"ಇದ್ಯಾವ ದೇವ್ರಪ್ಪಾ?"

"ದೇವ್ರಲ್ಲ. ಹ್ಯಾಂಡ್‌ಬ್ರೇಕ್ ನಿಲ್ತಿರ್ಲಿಲ್ಲ, ಚಕ್ರಕ್ಕೆ ಕೊಡ್ತಿದ್ದೆ."

"ಮತ್ತೆ ಕುಂಕುಮ?"

"ಅದು ಹೆಣ್ಣುಮಕ್ಕಳ ಕೆಲ್ಸ. ನಮ್ಮನ್ನ ಕಾಯೋದು ಇದೊಂದೇ ಅಂತ ಒಂದು ಶುಕ್ರವಾರ ತಮಾಷೆಗೆ ಇಟ್ರು. ಆಮೇಲೆ ಪ್ರತಿ ಶುಕ್ರವಾರ ಇಟ್ರು. ತಮಾಷೆ ಎಲ್ಲಿ ನಿಂತೋಯ್ತೋ ಗೊತ್ತಾಗ್ಲಿಲ್ಲ."

"ಅಶೋಕಂಗೆ ಹೇಳಿದ್ಯಾ?"

"ಕಲ್ಲು ಇಟ್ಕೋ ಅಂತ ಹೇಳಿದ್ದೇ ಅವನು. ಈ ಕಲ್ಲು ಅವನೇ ರೋಡ್ ಬದಿಯಿಂದ ಎತ್ಕೊಟ್ಟಿದ್ದು."

ಪಿಳ್ಳಪ್ಪ ಕಲ್ಲಿಗೆ ಒಂದು ಸುಳ್ಳು ನಮಸ್ಕಾರ ಹಾಕಿ ಅದನ್ನು ಪಕ್ಕಕ್ಕೆ ಇಟ್ಟ. ಕೇಬಲ್ ಸಡಿಲ ಆಗಿರಬೇಕು, ಆಮೇಲೆ ನೋಡಿದರಾಯಿತು ಎಂದುಕೊಂಡ. ಮೂವತ್ತೆರಡು ವರ್ಷ ಅನುಭವವಿದ್ದ ಪಿಳ್ಳಪ್ಪ ಆ ಬೆಳಿಗ್ಗೆ ಮಾಡಿದ ತಪ್ಪು ಅದೊಂದೇ.

ಮುಂದಿನ ಎರಡು ಚಕ್ರ ಬಿಚ್ಚಿದರು. ಒಳಗೆ ಬ್ರೇಕಿನ ತಟ್ಟೆ: ಚಕ್ರದ ಜೊತೆ ತಿರುಗುವ ಉಕ್ಕಿನ ಡಿಸ್ಕ್. ಅದನ್ನು ಎರಡು ಕಡೆಯಿಂದ ಪ್ಯಾಡುಗಳು ಅದುಮಿ ಹಿಡಿದರೆ ಗಾಡಿ ನಿಲ್ಲುತ್ತದೆ. ಡಿಸ್ಕ್ ಕೂದಲೆಳೆಯಷ್ಟು ಸೊಟ್ಟವಾದರೂ ಹಿಡಿಯುವ ಪ್ಯಾಡು ಹಿಂದೆಮುಂದೆ ಕುಣಿಯುತ್ತದೆ, ಆ ಕುಣಿತ ಸ್ಟೀರಿಂಗಿಗೆ ಹತ್ತುತ್ತದೆ. ಪಿಳ್ಳಪ್ಪ ತನ್ನ ಡಯಲ್ ಗೇಜ್ ತೆಗೆದ. ಕೈಗಡಿಯಾರದಂತೆ ಮುಳ್ಳಿರುವ ಅಳತೆಯ ಸಾಧನ ಅದು. ಹಳೆಯ ಬನಿಯನ್ನಿನಲ್ಲಿ ಸುತ್ತಿ ಇಟ್ಟಿರುತ್ತಿದ್ದ. ಅದರ ಮೂತಿಯನ್ನು ಬಲಗಡೆಯ ಡಿಸ್ಕಿಗೆ ತಾಗಿಸಿ ಕೈಯಲ್ಲೇ ತಿರುಗಿಸಿದ. ಮುಳ್ಳು ಮಿಸುಕಿತು, ಅಷ್ಟೆ. ಎಡಗಡೆಯದಕ್ಕೆ ತಾಗಿಸಿದ. ಮುಳ್ಳು ಗಲಗಲ ಓಡಾಡಿತು.

"ಎರಡೂ ಒಂದೇ ದಿನ ಹಾಕಿದ್ದಾ?"

"ಒಂದೇ ದಿನ. ಐದು ತಿಂಗಳಾಗಿಲ್ಲ. ನಾನೇ ನಿಂತು ಹಾಕ್ಸಿದ್ದು."

"ಅವಳಿ ಮಕ್ಕಳಲ್ಲಿ ಒಂದಕ್ಕೆ ಮಾತ್ರ ಯಾಕ್ಲಾ ಸೊಟ್ಟ?"

ಡಿಸ್ಕ್ ಬಿಚ್ಚಿ, ಅದು ಕೂರುವ ಜಾಗದ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಮತ್ತೆ ಕೂರಿಸಿ ಅಳೆದ. ತುಕ್ಕಿನ ಪುಡಿ ಸಿಕ್ಕಿಕೊಂಡರೂ ಡಿಸ್ಕ್ ಓರೆಯಾಗಿ ಕೂರುವುದುಂಟು. ಇಲ್ಲ, ಮುಳ್ಳು ಹಾಗೇ ಓಡಾಡಿತು. ಕಣ್ಣಿನ ಹತ್ತಿರ ಹಿಡಿದು ನೋಡಿದ. ಡಿಸ್ಕಿನ ಮೈ ಮೇಲೆ ಅಲ್ಲಲ್ಲಿ ನೀಲಿ ಮಚ್ಚೆ, ಅಷ್ಟು ಕಾದಿತ್ತು. ಆದರೆ ಕಾದದ್ದು ಎರಡೂ.

"ಇದು ಶೆಡ್ಡಲ್ಲಿ ಕೂತ್ರೆ ಗೊತ್ತಾಗಲ್ಲ," ಎಂದ ಪಿಳ್ಳಪ್ಪ. "ದಿನಾ ಹೋಗೋ ದಾರೀಲಿ ಹೋಗಿ ನೋಡೋಣ. ಚಕ್ರ ಹಾಕು."

ಸಂಜೆ ನಾಲ್ಕಕ್ಕೆ ಹೊರಟರು. ಪಿಳ್ಳಪ್ಪ ಓಡಿಸಿದ, ಕೆಂಪರಾಜ್ ಪಕ್ಕದಲ್ಲಿ ಕೂತು ದಾರಿ ಹೇಳಿದ. ಎಲ್ಲೆಲ್ಲಿ ನಿಲ್ಲಿಸುತ್ತಿದ್ದನೋ ಅಲ್ಲೆಲ್ಲ ನಿಲ್ಲಿಸಿದರು. ಹಾಲಿನ ಡೈರಿ, ದ್ರಾಕ್ಷಿ ತೋಟದ ಗೇಟು, ಅರಳಿಕಟ್ಟೆ. ಪ್ರತಿ ಸ್ಟಾಪಿನಲ್ಲೂ ಕೆಂಪರಾಜ್ ಯಾರು ಇಳಿಯುತ್ತಾರೆ, ಅವರ ಮನೆಯಲ್ಲಿ ಏನು ಕಷ್ಟ, ಯಾರ ಮಗು ಶಾಲೆಯಲ್ಲಿ ಬಹುಮಾನ ತಂದಿತು ಎಂದು ಹೇಳಿದ.

"ನೀನು ಡ್ರೈವರ್ರೋ ಜನಗಣತಿಯವನೋ?"

"ದಿನಾ ಎರಡು ಗಂಟೆ ಜೊತೇಲಿರ್ತೀವಿ ಭಾವ. ಮನೇಲಿ ಅಷ್ಟು ಮಾತಾಡಲ್ಲ ಅವರು."

ಘಾಟಿ ಕಡೆಯ ಇಳಿಜಾರಿನಲ್ಲಿ ಪಿಳ್ಳಪ್ಪ ಸ್ಟೀರಿಂಗನ್ನು ಎರಡೇ ಬೆರಳಲ್ಲಿ ಹಿಡಿದು ಬ್ರೇಕ್ ಒತ್ತಿದ. ಸ್ಟೀರಿಂಗ್ ಬೆರಳ ತುದಿಯಲ್ಲಿ ಗಡಗಡ ಅದುರಿತು. ಮುಂದಿನ ಗಾಜಿಗೆ ಅಂಟಿಸಿದ್ದ ಗಣಪತಿ ಒಂದಾಗಿದ್ದವನು ಮೂರಾಗಿ ಕಂಡ. ಬ್ರೇಕ್ ಬಿಟ್ಟರೆ ಗಾಡಿ ಸಾಧು. ಒತ್ತಿದರೆ ಮತ್ತೆ ಅದೇ.

"ಇದ್ರಲ್ಲಿ ಹತ್ತು ಜನನ ಕೂರಿಸ್ಕೊಂಡು ಇಳೀತಿದ್ಯಾ?"

"ಗೇರು ಹಿಡಿದು ಇಳೀತಿದ್ದೆ. ಬ್ರೇಕ್ ಆದಷ್ಟು ಮುಟ್ತಿರ್ಲಿಲ್ಲ. ಬ್ರೇಕ್ ಮೇಲೇ ಕಾಲಿಟ್ಟಿದ್ದ ಅಂತಾನಲ್ಲ ಅವನು."

 ಪಿಳ್ಳಪ್ಪ ಅವನ ಕಡೆ ತಿರುಗದೆ ಗೇರು ಇಳಿಸಿದ.

ಕೊನೆಯ ಸ್ಟಾಪು ಚಿಕ್ಕಕುಂಟೆ. ಊರೊಳಗೆ ಗಾಡಿ ತಿರುಗಿಸಲು ಜಾಗವಿದ್ದದ್ದು ಒಂದೇ ಮನೆಯ ಮುಂದೆ. ಎಡಕ್ಕೆ ಮನೆಯ ಜಗಲಿ, ಬಲಕ್ಕೆ ಚರಂಡಿ. ಗಾಡಿ ನಿಂತಿತೋ ಇಲ್ಲವೋ, ಜಗಲಿಯ ಮೇಲಿಂದ ಒಬ್ಬ ಮುದುಕಿ ಎದ್ದಳು. ಮುಂದಿನ ಸೀಟಿನ ರಮ್ಯಳ ಅಜ್ಜಿ, ಅಮ್ಮಯಮ್ಮ.

"ಬಂದ್ಯೇನಪ್ಪಾ ಕೆಂಪ? ಆ ಹೊಸಬ ನೋಡು, ಟಾರು ರೋಡಲ್ಲೇ ಇಳಿಸಿ ಓಡೋಗ್ತಾನೆ. ಕೂಸು ಎರಡು ಮೈಲಿ ನಡ್ಕೊಂಡು ಬರ್ತದೆ. ಬಂದ್ಯಲ್ಲ, ಬುಡು." ಹೀಗೆನ್ನುತ್ತಲೇ ಅವಳು ತೊಟ್ಟಿಯಿಂದ ಬಿಂದಿಗೆ ತುಂಬಿದಳು. "ಬಿಳಿಯನೂ ಬಂದ. ಸೊರಗವ್ನೆ."

"ಬಿಳಿಯ ಯಾರು?" ಎಂದ ಪಿಳ್ಳಪ್ಪ.

ಅಮ್ಮಯಮ್ಮ ಚಕ್ರದ ಹತ್ತಿರ ಬಂದಳು. ಬಿಂದಿಗೆಯನ್ನು ಸೊಂಟದಿಂದ ಇಳಿಸಿ, ಬಾಗಿ, ಮುಂದಿನ ಎಡ ಚಕ್ರದ ಮೇಲೆ ನಿಧಾನವಾಗಿ ನೀರು ಸುರಿದಳು. ಚಕ್ರದ ಒಳಗಿನಿಂದ ಚುಸ್ ಎಂದು ಸದ್ದು ಬಂತು. ಬಿಳಿ ಹಬೆ ಎದ್ದು ಅವಳ ಮುಖಕ್ಕೆ ಬಡಿಯಿತು.

"ನೋಡು, ಎಂಗೆ ಸುಡ್ತಾ ಐತೆ ಕಾಲು," ಎಂದಳು. "ಮೂರೂರು ಸುತ್ತಿ ನಮ್ಮ ಕೂಸುನ್ನ ಹೊತ್ಕೊಂಡು ಬರ್ತದೆ. ಒಂದು ಬಿಂದಿಗೆ ನೀರು ಹಾಕಕ್ಕೆ ನಂಗೇನು ಸವೀತದಾ."

ಹೊಲದಿಂದ ಬಂದ ಎತ್ತಿನ ಕಾಲು ತೊಳೆಯದೆ ಆ ಮನೆಯಲ್ಲಿ ಯಾರೂ ಊಟಕ್ಕೆ ಕೂತವರಲ್ಲ. ಕೊನೆಯ ಜೋಡಿಯಲ್ಲಿ ಒಂದರ ಹೆಸರು ಬಿಳಿಯ. ಎತ್ತುಗಳು ಹೋಗಿ ಏಳು ವರ್ಷವಾಗಿತ್ತು, ಸಂಜೆಯ ಬಿಂದಿಗೆ ಮಾತ್ರ ಹೋಗಿರಲಿಲ್ಲ. ಮೊಮ್ಮಗಳು ಕಾರ್ಖಾನೆಗೆ ಸೇರಿ, ಮನೆ ಮುಂದೆ ಒಂದು ಬಿಳಿ ಗಾಡಿ ಬಂದು ನಿಂತ ದಿನ ಆ ನೀರಿಗೆ ಮತ್ತೆ ಕಾಲು ಸಿಕ್ಕಿದವು. ಬಲಗಡೆ ಚರಂಡಿ, ಅವಳು ಅತ್ತ ಹೋಗಲಾರಳು. ಆದ್ದರಿಂದ ಎಡಗಾಲು ಮಾತ್ರ.

ಪಿಳ್ಳಪ್ಪ ಕೆಂಪರಾಜನನ್ನು ನೋಡಿದ. ಕೆಂಪರಾಜ್ ನೆಲ ನೋಡಿದ.

"ದಿನಾ ಹಾಕ್ತೀರಾ ಅಜ್ಜಿ?"

"ದಿನಾ. ಗಾಡಿ ಬಂದ ದಿನ ಒಂದಿನಾನೂ ತಪ್ಪಿಸಿಲ್ಲ. ಜ್ವರ ಬಂದಾಗ ಕೂಸಿನ ಕೈಲಿ ಹಾಕ್ಸಿದೀನಿ."

ಪಿಳ್ಳಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಬೇಕಾದ್ದನ್ನು ಮೆತ್ತಗೆ ಹೇಳಲೂ ಬರುತ್ತಿರಲಿಲ್ಲ. ಜಗಲಿಯ ಮೇಲೆ ಕೂತುಕೊಂಡ. "ಅಜ್ಜಿ, ಕಾದ ರೊಟ್ಟಿ ಹೆಂಚಿಗೆ ತಣ್ಣೀರು ಹುಯ್ದ್ರೆ ಏನಾಗ್ತದೆ?"

"ಸೀಳ್ತದೆ. ಇಲ್ಲಾ ಸೊಟ್ಟ ಆಗ್ತದೆ."

"ಈ ಚಕ್ರದೊಳಗೂ ಒಂದು ಹೆಂಚೈತೆ."

ಅಮ್ಮಯಮ್ಮ ಖಾಲಿ ಬಿಂದಿಗೆಯನ್ನು ಹಿಡಿದುಕೊಂಡೇ ನಿಂತಳು. ಅವಳಿಗೆ ಅರ್ಥವಾಗಲು ಎರಡನೆಯ ಮಾತು ಬೇಕಾಗಲಿಲ್ಲ. "ಅಂಗಾರೆ ಈ ಹುಡುಗನ ಕೆಲ್ಸ ಹೋಗಿದ್ದು ನನ್ನಿಂದ."

"ಅಲ್ಲ ಅಜ್ಜಿ," ಎಂದ ಕೆಂಪರಾಜ್.

"ಮತ್ತೆ ಯಾರಿಂದ?"

 ಪಿಳ್ಳಪ್ಪ ಅಷ್ಟಕ್ಕೇ ಕೂರಲಿಲ್ಲ. ಎದ್ದು ಬಲಗಡೆಯ ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿದ. ಒಲೆಯ ಹತ್ತಿರ ಹಿಡಿದಂತೆ ಕಾವು ಹೊಡೆಯಿತು. ಖಾಲಿ ಗಾಡಿ, ಇಷ್ಟು ದೂರ, ಇಷ್ಟು ಕಾವು ಯಾಕೆ? ಹಿಂದಿನ ಚಕ್ರಕ್ಕೆ ಹೋಗಿ ಹತ್ತಿರ ಹಿಡಿದ. ಆಮೇಲೆ ಅಂಗೈಯನ್ನು ಅದರ ಮೇಲೇ ಇಟ್ಟ. ಇನ್ನೊಂದರ ಮೇಲೂ ಇಟ್ಟ. ಎರಡೂ ಬಾವಿಕಟ್ಟೆಯಷ್ಟು ತಣ್ಣಗಿದ್ದವು. ಇಳಿಜಾರಿನುದ್ದಕ್ಕೂ ಅವು ಒಂದು ಸಲವೂ ಹಿಡಿದಿರಲಿಲ್ಲ.

ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತ.

"ಭಾವ, ಏನಾಯ್ತು?"

"ಕಲ್ಲು," ಎಂದ ಪಿಳ್ಳಪ್ಪ. "ಬೆಳಿಗ್ಗೆ ಆ ಕಲ್ಲು ಹೇಳ್ತಾನೇ ಇತ್ತು ಕಣ್ಲಾ. ನಾನು ಕುಂಕುಮ ನೋಡಿ ನಗ್ತಾ ಕೂತಿದ್ದೆ."

ಹೊರಡುವಾಗ ಕೆಂಪರಾಜ್ ಅಮ್ಮಯಮ್ಮನ ಕೈಯಿಂದ ಬಿಂದಿಗೆ ತೆಗೆದು ಕೆಳಗಿಟ್ಟ. "ಅಜ್ಜಿ, ನೀರಿನ ವಿಷಯ ಯಾರ ಹತ್ರಾನೂ ಎತ್ತಬೇಡಿ. ನಮ್ಮ ಮಾಲೀಕ ಸರಿಯಿಲ್ಲ. ನಿಮ್ಮೂರಿಗೆ ಗಾಡೀನೇ ಕಳಿಸಲ್ಲ ಅಂತಾನೆ. ರಮ್ಯ ಕೆಲ್ಸ ಬಿಡಬೇಕಾಗ್ತದೆ."

ಅಮ್ಮಯಮ್ಮ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ದಾರಿಯಲ್ಲಿ ಪಿಳ್ಳಪ್ಪ ವಿವರಿಸಿದ. ನಾಲ್ಕು ಚಕ್ರ ಸೇರಿ ನಿಲ್ಲಿಸಬೇಕಾದ ಗಾಡಿಯನ್ನು ಮುಂದಿನ ಎರಡೇ ಚಕ್ರ ನಿಲ್ಲಿಸುತ್ತಿದ್ದವು. ಅದೂ ಏಳರ ಜಾಗದಲ್ಲಿ ಹತ್ತು ಜನರ ಭಾರ. ಹೆಂಚು ಕಾದದ್ದು ಅದರಿಂದ. ಹ್ಯಾಂಡ್‌ಬ್ರೇಕ್ ಹಿಡಿಯುವುದೂ ಅದೇ ಹಿಂದಿನ ಚಕ್ರಗಳನ್ನು. ಅವು ಸತ್ತಿದ್ದರಿಂದಲೇ ಕಲ್ಲು ಬೇಕಾಗಿತ್ತು.

"ಕಾಯದಿದ್ದ ಹೆಂಚಿಗೆ ಅಜ್ಜಿ ಹತ್ತು ಬಿಂದಿಗೆ ಹುಯ್ದಿದ್ರೂ ಏನೂ ಆಗ್ತಿರ್ಲಿಲ್ಲ. ಮಳೇಲಿ ಗಾಡಿಗಳು ಓಡಲ್ವಾ?"

"ಹಂಗಾದ್ರೆ ಅಜ್ಜಿ ಹೆಸರು ಬರೀಬೇಡ ಭಾವ. ಹಿಂದಿನದು ಮಾತ್ರ ಬರಿ."

"ಎಡಗಡೆ ಮಾತ್ರ ಯಾಕೆ ಅಂತ ಕೇಳಿದ್ರೆ?"

"ಗೊತ್ತಿಲ್ಲ ಅನ್ನು."

"ಮೂವತ್ತೆರಡು ವರ್ಷದಲ್ಲಿ ಗೊತ್ತಿರೋದನ್ನ ಗೊತ್ತಿಲ್ಲ ಅಂದಿಲ್ಲ ನಾನು," ಎಂದು ಗೊಣಗಿದ ಪಿಳ್ಳಪ್ಪ. ಸ್ವಲ್ಪ ದೂರ ಹೋದ ಮೇಲೆ, "ನಿಮ್ಮಕ್ಕನ ಹತ್ರ ಬಿಟ್ಟು," ಎಂದು ಸೇರಿಸಿದ.

ಮರುದಿನ ಹಿಂದಿನ ಚಕ್ರ ಬಿಚ್ಚಿದರು. ಹಿಂದೆ ಡಿಸ್ಕ್ ಇಲ್ಲ, ಮುಚ್ಚಿದ ಡಬ್ಬಿಯಂಥ ಡ್ರಮ್ಮು. ಸುತ್ತಿಗೆಯಿಂದ ತಟ್ಟಿ ತಟ್ಟಿ ತೆಗೆಯಬೇಕಾಯಿತು. ಒಳಗೆ ಬ್ರೇಕ್ ಆಯಿಲ್ ಸೋರಿ, ಡ್ರಮ್ಮನ್ನು ಹಿಡಿಯಬೇಕಾದ ಬ್ರೇಕ್ ಶೂಗಳು ನೆನೆದು ಜಿಡ್ಡಾಗಿದ್ದವು; ಮೇಲೆ ತಿಂಗಳುಗಟ್ಟಲೆಯ ಧೂಳು ಕರಿ ಅಂಟಿನಂತೆ ಕೂತಿತ್ತು. ಎರಡು ಚಕ್ರದಲ್ಲೂ ಅದೇ ಕತೆ. ಕೆಂಪರಾಜ್ ಆ ಜಿಡ್ಡನ್ನು ಬೆರಳಿಂದ ಮುಟ್ಟಿ ನೋಡಿದ, ಮೂಸಿದ. ಅವನ ಎರಡನೆಯ ಚೀಟಿಯಲ್ಲಿ, ಹ್ಯಾಂಡ್‌ಬ್ರೇಕೂ ಹಿಡಿಯುತ್ತಿಲ್ಲ ಎಂದು ಬರೆದಿತ್ತು. ಆ ಚೀಟಿ ಗಾಜು ಒರೆಸಿತ್ತು.

ಆ ದಿನವಿಡೀ ಭಾವ ಬಾಮೈದ ಇಬ್ಬರೂ ಕೆಲಸ ಮಾಡಿದರು. ಸೋರುತ್ತಿದ್ದ ಭಾಗ ಬದಲಾಯಿಸಿ, ಹೊಸ ಶೂ ಕೂರಿಸಿದರು. ಮುಂದಿನ ಎರಡೂ ಡಿಸ್ಕುಗಳ ಅಂಚಿನಲ್ಲಿ, ಇದಕ್ಕಿಂತ ತೆಳ್ಳಗಾಗಬಾರದು ಎಂದು ಕೊರೆದಿರುವ ಅಂಕಿಯನ್ನು ಓದಿ, ದಪ್ಪ ಅಳೆದು, ಇನ್ನೂ ಜೀವವಿದೆ ಎಂದು ಖಾತ್ರಿ ಮಾಡಿಕೊಂಡು ಪಿಳ್ಳಪ್ಪ ಅವನ್ನು ಲೇತಿನವನ ಹತ್ತಿರ ಒಯ್ದ. ಎರಡು ಮೈಯಲ್ಲೂ ಒಂದೊಂದು ತೆಳು ಪದರ ಹೆರೆಸಿ ತಂದ. ಹೆರೆದ ಡಿಸ್ಕ್ ಹೊಸ ಸ್ಟೀಲ್ ತಟ್ಟೆಯಂತೆ ಹೊಳೆಯಿತು. ಗೇಜ್ ತಾಗಿಸಿ ತಿರುಗಿಸಿದರೆ ಮುಳ್ಳು ನಿದ್ದೆ ಮಾಡುತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆದು, ಶೆಡ್ಡಿನ ಮುಂದಿನ ಏರಿನಲ್ಲಿ ಗಾಡಿ ನಿಲ್ಲಿಸಿ, ಕೆಂಪರಾಜ್ ಅಭ್ಯಾಸಬಲದಿಂದ ಕಲ್ಲು ತರಲು ಓಡಿದ.

"ಬೇಡ ಕಣ್ಲಾ," ಎಂದ ಪಿಳ್ಳಪ್ಪ. "ಅದಕ್ಕೆ ರಜಾ."

ಗಾಡಿ ತಾನೇ ನಿಂತಿತು. ಕೆಂಪರಾಜ್ ಕಲ್ಲನ್ನು ತಬ್ಬಿಕೊಂಡು ಗಾಡಿಯನ್ನೇ ನೋಡುತ್ತ ನಿಂತ.

ಮೂರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡಿನ ಮುಂದೆ ಬಸ್ಸಿಳಿದವರು ಅಮ್ಮಯಮ್ಮ ಮತ್ತು ರಮ್ಯ. ರಮ್ಯ ಪಾಳಿಗೆ ರಜೆ ಹಾಕಿದ್ದಳು.

"ಬರಬೇಡ ಅಂದೆ ಅಣ್ಣ, ಕೇಳ್ಬೇಕಲ್ಲ," ಎಂದಳು ಕೆಂಪರಾಜನಿಗೆ. "ರಾತ್ರಿ ಊಟಾನೂ ಮಾಡಿಲ್ಲ. ಬಿಳಿಯನ್ನ ನೋಡ್ಬೇಕು ಅಂತ ಒಂದೇ ಹಟ."

ಪಿಳ್ಳಪ್ಪನಿಗೆ ಒಂದು ಉಪಾಯ ಹೊಳೆಯಿತು. "ಸರಿಯಾದ ಹೊತ್ತಿಗೆ ಬಂದೆ ನೋಡಮ್ಮ. ಬಳೆ ಹಾಕಿದ್ದೀಯಾ? ಹತ್ತು ಮುಂದಿನ ಸೀಟಿಗೆ."

ಅಜ್ಜಿ, ಮೊಮ್ಮಗಳು, ಭಾವ, ಬಾಮೈದ ನಾಲ್ವರೂ ಹೊರಟರು. ಕೆಂಪರಾಜ್ ಓಡಿಸಿದ. ಖಾಲಿ ರಸ್ತೆ ಸಿಕ್ಕಿದ ಕಡೆ ರಮ್ಯ ಬಲಗೈಯನ್ನು ಕಿವಿಯ ಹತ್ತಿರ ಎತ್ತಿ ಹಿಡಿದಳು. ಮಣಿಕಟ್ಟಿನಲ್ಲಿ ಒಂದು ಡಜನ್ ಗಾಜಿನ ಬಳೆ. ಅರವತ್ತರ ವೇಗದಿಂದ ಕೆಂಪರಾಜ್ ಬ್ರೇಕ್ ಒತ್ತಿದ. ಗಾಡಿ ಮೆತ್ತಗೆ ಮುಂದಕ್ಕೆ ಬಾಗಿ ನಿಂತಿತು. ಬಳೆಗಳು ಒಂದು ಸಲ ಜಾರಿ ಒಂದಕ್ಕೊಂದು ಒರಗಿದವು, ಅಷ್ಟೆ. ಕಿಣಿಕಿಣಿ ಇಲ್ಲ.

"ಇನ್ನೊಂದ್ಸಲ ಅಣ್ಣ," ಎಂದಳು ರಮ್ಯ. ಆರು ಸಲ ಮಾಡಿದರು. ಕೊನೆಗೆ ಅವಳು ಕೈ ಇಳಿಸಿ ಕಿಟಕಿಯಾಚೆ ನೋಡುತ್ತ ಕೂತಳು. "ನಮ್ಮ ಗಾಡೀಲಿ ಹಿಂಗೂ ಇರ್ಬೋದಿತ್ತಾ? ನಾವು ಇಷ್ಟು ದಿನ ಇಳಿಜಾರು ಬಂದ್ರೆ ಎಲ್ರೂ ಕೈ ಕೈ ಹಿಡ್ಕೊಂಡು ಕೂರ್ತಿದ್ವಿ."

ಕೆಂಪರಾಜ್ ಗಾಡಿಯನ್ನು ಶೆಡ್ಡಿನ ಕಡೆ ತಿರುಗಿಸಿದ.

ಶೆಡ್ಡಿಗೆ ಮರಳಿದಾಗ ಅಶೋಕ್ ಬಂದು ಕಾಯುತ್ತಿದ್ದ. ಗಾಡಿಯನ್ನು ತಾನೂ ಒಂದು ಸುತ್ತು ಓಡಿಸಿ ಬಂದ. ಮುಖ ಅರಳಿತ್ತು. "ಚೆನ್ನಾಗಿ ಮಾಡಿದೀಯ ಪಿಳ್ಳಪ್ಪ. ಎಲ್ಲಿ ಕಾಗದ?"

ಕಾಗದ ಸಿದ್ಧವಿತ್ತು. ಹಿಂದಿನ ಬ್ರೇಕ್ ಎಷ್ಟು ತಿಂಗಳಿಂದ ಕೆಲಸ ಮಾಡಿಲ್ಲ, ಯಾಕೆ ಮಾಡಿಲ್ಲ, ಅದರಿಂದ ಮುಂದಿನದು ಹೇಗೆ ಕಾದು ಕೆಟ್ಟಿತು ಎಂದು ಪಿಳ್ಳಪ್ಪ ದುಂಡು ಅಕ್ಷರದಲ್ಲಿ ಒಂದು ಪುಟ ಬರೆದಿದ್ದ. ಡ್ರೈವರಿನ ತಪ್ಪಿಲ್ಲ ಎಂಬ ಸಾಲಿನ ಕೆಳಗೆ ಗೆರೆ ಎಳೆದಿದ್ದ. ನೀರಿನ ಮಾತು ಇರಲಿಲ್ಲ. ಗೊತ್ತಿರುವುದನ್ನು ಅವನು ಮೊದಲ ಸಲ ಬರೆಯದೆ ಬಿಟ್ಟಿದ್ದ.

ಅಶೋಕ್ ಓದಿದ. ಅರಳಿದ್ದ ಮುಖ ಮುದುಡಿತು. "ಇದನ್ನ ಅವರಿಗೆ ತೋರಿಸಿದ್ರೆ ನನ್ನ ಹನ್ನೆರಡೂ ಗಾಡಿ ಮನೇಲಿರ್ತವೆ. ಡ್ರೈವರ್ದೇ ತಪ್ಪು ಅಂತ ಬರಿ ಅಂದಿದ್ದೆ."

"ತಪ್ಪು ನಂದಪ್ಪಾ," ಎಂದಳು ಅಮ್ಮಯಮ್ಮ.

ಕೆಂಪರಾಜ್ ಅವಳ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದ. ಅವಳು ಅವನನ್ನು ನೋಡಲೇ ಇಲ್ಲ. "ಸುಡೋ ಚಕ್ರಕ್ಕೆ ದಿನಾ ನೀರು ಹಾಕ್ದೋಳು ನಾನು. ಎತ್ತಿನ ಕಾಲಿಗೆ ಹಾಕ್ದಂಗೆ ಹಾಕ್ದೆ. ನಂಗೇನು ಗೊತ್ತು. ಈ ಹುಡುಗಂದು ಏನೂ ಇಲ್ಲ, ಅವನ ಕೆಲ್ಸ ಅವನಿಗೆ ಕೊಟ್ಬುಡು. ಅದನ್ನ ಹೇಳಕ್ಕೇ ಬಸ್ಸತ್ತಿ ಬಂದೆ."

ಅಶೋಕ್ ಕಾಗದ ಮಡಿಸಿದ. ಆಮೇಲೆ ಒಂದು ಸ್ಟೂಲನ್ನು ಎಳೆದು ಅವಳಿಗೆ ಹಾಕಿದ. "ಕೂತ್ಕಳಿ ಅಜ್ಜಿ. ಇಷ್ಟು ಹೊತ್ತು ಯಾರೂ ಹೇಳಲಿಲ್ಲ ನೋಡಿ." ಪಿಳ್ಳಪ್ಪನ ಕಡೆ ತಿರುಗಿದ. "ಇದನ್ನ ಬರಿ. ಪ್ಯಾಸೆಂಜರ್ ಕಡೆಯವರು ಬಿಸಿ ಚಕ್ರಕ್ಕೆ ನೀರು ಹಾಕಿ ಡಿಸ್ಕ್ ಕೆಡಿಸಿದ್ರು. ಅವರೇ ಒಪ್ಕೊಂಡವ್ರೆ. ಆ ಊರಿಗೆ ಗಾಡಿ ನಿಲ್ಲಿಸಲಾಗಿದೆ. ಮುಗೀತು. ಕೆಂಪರಾಜನ ಕೆಲ್ಸ ವಾಪಸ್, ಇವತ್ತಿಂದಾನೇ."

ರಮ್ಯ ಅಜ್ಜಿಯ ಭುಜದ ಮೇಲೆ ಕೈಯಿಟ್ಟಳು. ಅಮ್ಮಯಮ್ಮನಿಗೆ ಅರ್ಧ ಮಾತ್ರ ಕೇಳಿಸಿತ್ತು. "ಕೊಟ್ಟನಾ ಕೆಲ್ಸ?" ಎಂದು ಮೊಮ್ಮಗಳನ್ನು ಕೇಳಿದಳು. ಮುಖದಲ್ಲಿ ಸಮಾಧಾನವಿತ್ತು.

"ಇದು ಅರ್ಧ ಸತ್ಯ ಸಾರ್," ಎಂದ ಪಿಳ್ಳಪ್ಪ. ಬಿಚ್ಚಿ ಇಟ್ಟಿದ್ದ ಜಿಡ್ಡು ಶೂಗಳನ್ನು ತಂದು ನೆಲದ ಮೇಲೆ ಹರಡಿದ. "ಉಳಿದರ್ಧ ಇಲ್ಲೈತೆ."

"ಇದು ಈ ಗಾಡೀದೇ ಅಂತ ಯಾರು ಹೇಳ್ತಾರೆ? ಗುಜರಿಗೆ ಹಾಕು." ಅಶೋಕ್ ಸುತ್ತ ಕಣ್ಣಾಡಿಸಿದ. ಶೆಡ್ಡಿನ ಗೋಡೆಗೆ ಒರಗಿದ್ದ ಕಲ್ಲಿನ ಮೇಲೆ ಅವನ ಕಣ್ಣು ನಿಂತಿತು. ಟೈರಿನ ಕಪ್ಪು, ಅದರ ಮೇಲೆ ಪದರ ಪದರವಾಗಿ ಒಣಗಿದ ಶುಕ್ರವಾರಗಳು. ತಾನು ಎತ್ತಿಕೊಟ್ಟ ಕಲ್ಲು ಅವನಿಗೆ ಗುರುತು ಸಿಕ್ಕಿತು. ಕಾರ್ಖಾನೆಗೆ ಬರುವ ಹತ್ತು ಹೆಣ್ಣುಮಕ್ಕಳಿಗೂ ಅದರ ಗುರುತಿತ್ತು. ಯಾರನ್ನು ಕೇಳಿದರೂ, ಎಷ್ಟು ಶುಕ್ರವಾರದಿಂದ ಅದು ಆ ಗಾಡಿಯಲ್ಲಿದೆ ಎಂದು ಹೇಳುತ್ತಿದ್ದರು. ಕಿಟಕಿಯ ಸಂದಿಯದೂ ಸೇರಿ ಚೀಟಿಗಳು ಹೋಗಿದ್ದವು, ಅದೊಂದು ಉಳಿದಿತ್ತು.

ಅಶೋಕ್ ಜೇಬಿನಿಂದ ಗಾಡಿಯ ಕೀ ತೆಗೆದು ಕೆಂಪರಾಜನ ಮುಂದೆ ಹಿಡಿದ. ದನಿ ಮೆತ್ತಗೆ ಮಾಡಿಕೊಂಡ. "ನೋಡು, ನಿನ್ನ ಹೆಸರು ನಾನೇ ಸರಿ ಮಾಡ್ತೀನಿ. ಊರೆಲ್ಲ ಹೇಳ್ತೀನಿ, ಹುಡುಗ ಒಳ್ಳೇವ್ನು ಅಂತ. ಮೊದ್ಲು ಆ ಕಲ್ಲು ಎತ್ಕೊಂಡೋಗಿ ಮೋರಿಗೆ ಬಿಸಾಕು. ಹತ್ತೂವರೆ ಆಯ್ತು, ಬಂದ್ಬಿಡ್ತಾರೆ."

ಕೀಯ ಗೊಂಚಲಿನಲ್ಲಿ ಕೆಂಪರಾಜನೇ ಒಂದು ದಿನ ಸಿಕ್ಕಿಸಿದ್ದ ಸಣ್ಣ ಹಿತ್ತಾಳೆಯ ಗಂಟೆ ತೂಗಾಡುತ್ತಿತ್ತು. ಹನ್ನೊಂದು ವರ್ಷ ಹಿಡಿದ ಕೈ ಅದರ ಕಡೆ ತಾನಾಗಿ ಒಂದಿಷ್ಟು ಎದ್ದಿತು. ಅವನು ಅಮ್ಮಯಮ್ಮನನ್ನು ನೋಡಿದ. ಅವಳು ಸ್ಟೂಲಿನ ಮೇಲೆ ಕೂತು, ನಿಂತಿದ್ದ ಗಾಡಿಯ ಬಾಗಿಲನ್ನು ಎತ್ತಿನ ಮೈ ಸವರಿದಂತೆ ಸವರುತ್ತಿದ್ದಳು.

ಕೆಂಪರಾಜ್ ಬಾಗಿ ಕಲ್ಲನ್ನು ಎತ್ತಿಕೊಂಡ. ಅಶೋಕ್ ಉಸಿರು ಬಿಟ್ಟ. ಮೋರಿ ಇದ್ದದ್ದು ಎಡಕ್ಕೆ. ಕೆಂಪರಾಜ್ ಬಲಕ್ಕೆ ತಿರುಗಿದ. ಶೆಡ್ಡಿನ ಬಾಗಿಲಿಗೆ ಬಂದು, ಒಳಗೆ ಬರುವವರು ದಾಟಿಯೇ ಬರಬೇಕಾದ ಜಾಗದಲ್ಲಿ, ಕುಂಕುಮದ ಮಗ್ಗುಲು ರಸ್ತೆಗೆ ಕಾಣುವಂತೆ ಅದನ್ನು ಇಳಿಸಿ, ಪಕ್ಕದಲ್ಲಿ ಕೂತ.

"ಬಿಸಾಕಲ್ಲ ಸಾರ್," ಎಂದ.